ಗದ್ದೆಗೆ ಕಟ್ಟಿದ ಎರಡನೆಯ ಆಲ್ಬಂ

ಕ್ಯಾಸೆಟ್ಟಿನೊಳಗಿನ ಕಂದು ಪಟ್ಟಿಯನ್ನು ಹೊರಗೆಳೆದು ಗೂಟದಿಂದ ಗೂಟಕ್ಕೆ ಬಿಗಿಯಾಗಿ ಕಟ್ಟಿದರೆ ಅದು ಗಾಳಿಗೆ ಗುಂಯ್ಯೆಂದು ಮೊರೆಯುತ್ತದೆ, ಬಿಸಿಲಿಗೆ ಮಿರಮಿರನೆ ಮಿಂಚುತ್ತದೆ, ಹಾಲುಗಟ್ಟುತ್ತಿರುವ ಭತ್ತಕ್ಕೆ ಮುತ್ತುವ ಹಕ್ಕಿಗಳು ಬೆದರಿ ಪಕ್ಕದವರ ಗದ್ದೆಗೆ ಹೋಗುತ್ತವೆ. ತೊಂಬತ್ತರ ದಶಕದಲ್ಲಿ ನಮ್ಮ ಕಾಲುವೆ ಸೀಮೆಯವರೆಲ್ಲ ಬಲ್ಲ ಉಪಾಯವಿದು. ಈ ಸತ್ಕಾರ್ಯಕ್ಕೆ ಯಾವ ಕ್ಯಾಸೆಟ್ಟಾದರೂ ಆದೀತು. ಹಕ್ಕಿಗಳಿಗೆ ರಾಗದ್ವೇಷವಿಲ್ಲ, ರಾಗಜ್ಞಾನವಂತೂ ಮೊದಲೇ ಇಲ್ಲ. ಇದನ್ನು ಮೊದಲಿಗೇ ಹೇಳಿಬಿಡುತ್ತೇನೆ, ಏಕೆಂದರೆ ಇಷ್ಟು ವರ್ಷಗಳಾದರೂ ಆರದ ನನ್ನ ಸಿಟ್ಟೆಲ್ಲ ಆ ‘ಯಾವುದಾದರೂ’ ಎಂಬ ಮಾತಿನ ಮೇಲೆಯೇ ನಿಂತಿದೆ.

ಆಗ ನಾನು ಲಿಂಗಸುಗೂರಿನ ಬ್ಯಾಂಕೊಂದರಲ್ಲಿ ಗುಮಾಸ್ತೆ. ಮನೆ ಮಸ್ಕಿಯಲ್ಲಿ, ದಿನವೂ ಬಸ್ಸಿನ ಓಡಾಟ. ನೌಕರಿಯ ತರಬೇತಿಗೆಂದು ಹೈದರಾಬಾದಿನಲ್ಲಿದ್ದಾಗ ಕೋಣೆಯ ಗೆಳತಿಯೊಬ್ಬಳು ನನಗೆ ಹೆವಿ ಮೆಟಲ್ ಎಂಬ ಸಂಗೀತದ ದೀಕ್ಷೆ ಕೊಟ್ಟಳು. ಮೊದಲು ತಲೆನೋವು, ಆಮೇಲೆ ಕುತೂಹಲ, ಕೊನೆಗೆ ವ್ಯಸನ. ಊರಿಗೆ ಹೊರಡುವ ಮುನ್ನ ಅಲ್ಲಿನ ಫುಟ್‌ಪಾತಿನಲ್ಲಿ ಒಂದು ತಂಡದ ಎರಡನೆಯ ಆಲ್ಬಮ್ಮಿನ ಕ್ಯಾಸೆಟ್ಟು ಕೊಂಡೆ. ತಂಡದ ಹೆಸರು ಹೇಳಲಾರೆ. ನನ್ನ ಉಚ್ಚಾರಣೆ ಕೇಳಿದರೆ ಅವರೇ ಅದು ತಾವಲ್ಲ ಎಂದಾರು.

ಬಲ್ಲವರೆಲ್ಲ ಆ ತಂಡದ ಮೊದಲನೆಯ ಆಲ್ಬಮ್ಮೇ ಶ್ರೇಷ್ಠ ಎನ್ನುತ್ತಾರೆ. ನನಗೆ ಅದೂ ಸಿಟ್ಟಿನ ಸಂಗತಿಯೇ. ಮೊದಲನೆಯದರಲ್ಲಿ ಆ ಹುಡುಗರು ಕೇಳಿದವರು ಬೆಚ್ಚಿಬೀಳಲಿ ಎಂದು ಆರ್ಭಟಿಸಿದ್ದರು. ಎರಡನೆಯದರಲ್ಲಿ ತಮಗೇ ನೋವಾಗಿ ಅರಚಿದ್ದರು. ಈ ಅಂತರ ತಿಳಿಯಲು ಸಂಗೀತಶಾಸ್ತ್ರ ಬೇಕಿಲ್ಲ, ಇಡೀ ದಿನ ಕೌಂಟರಿನ ಆಚೆಯಿಂದ “ಅಕ್ಕೋರ, ಒಳಗ ಸಾಹೇಬ್ರು ಯಾರೂ ಇಲ್ಲೇನ್ರಿ?” ಎಂದು ಕೇಳಿಸಿಕೊಂಡು, ನಗುನಗುತ್ತಲೇ ಉತ್ತರಿಸಿ ಮನೆಗೆ ಬಂದ ಹೆಂಗಸಾದರೆ ಸಾಕು. ನಾನು ಅರಚುವಂತಿರಲಿಲ್ಲ. ಅವರು ನನ್ನ ಪರವಾಗಿ ಅರಚುತ್ತಿದ್ದರು. ನಮ್ಮವ್ವ ಮಾತ್ರ ಒಲೆಯ ಮುಂದಿನಿಂದ “ಯಾರನ್ನ ಹೊಡ್ಯಾಕತ್ತಾರಬೇ ಅದರಾಗ?” ಎಂದು ಕಳವಳದಿಂದ ಕೇಳುತ್ತಿದ್ದಳು.

ನನ್ನ ಅಕ್ಕ ಗಿರಿಜಾಳನ್ನು ಜವಳಗೇರಾಕ್ಕೆ ಕೊಟ್ಟಿತ್ತು. ಒಮ್ಮೆ ಅವಳ ಮನೆಗೆ ಹೋದಾಗ ಕ್ಯಾಸೆಟ್ಟನ್ನು ಅವರ ಟೇಪಿನಲ್ಲೇ ಬಿಟ್ಟು ಬಂದೆ. ಯಾರೊಂದಿಗಾದರೂ ಕಳಿಸು ಎಂದಾಗಲೆಲ್ಲ ಅವಳದು ಒಂದೇ ಉತ್ತರ: “ನೀನ ಬಂದಾಗ ಒಯ್ಯಂತಿ ಬಿಡು.” ಕಡೆಗೆ ಒಂದು ಭಾನುವಾರ ಹೋದೆ. ಬಸ್ಸಿಳಿದು ಕಾಲುವೆಯ ದಂಡೆಯ ಮೇಲೆ ನಡೆಯುವಾಗ ಭಾವನ ಗದ್ದೆ ಬಿಸಿಲಿಗೆ ಥಳಥಳಿಸುತ್ತಿತ್ತು. ನಾನು ಮೂರ್ಖಳು, ಅದನ್ನು ಮೆಚ್ಚಿಕೊಂಡೇ ಮುಂದೆ ಹೋದೆ.

ಮನೆಯಲ್ಲಿ ಕ್ಯಾಸೆಟ್ಟು ಎಲ್ಲಿ ಎಂದು ಕೇಳಿದೆ. ಅಕ್ಕ ತಲೆ ತಗ್ಗಿಸಿದಳು. ಊಟಕ್ಕೆ ಕುಳಿತಿದ್ದ ಭಾವ ಅಮರಪ್ಪನವರು ಹೆಮ್ಮೆಯಿಂದ ಹೇಳಿದರು:

“ಅದಾ? ಗದ್ದಿಗೆ ಕಟ್ಟೀನಲ್ಲ, ಬರೂಮುಂದ ನೋಡಲಿಲ್ಲೇನು? ಒಂದು ಹಕ್ಕಿ ಇಳಿವಲ್ದು!”

“ನಂದ ಯಾಕ ಬೇಕಾಗಿತ್ತು ಭಾವ? ನಿಮ್ಮವು ಅಲ್ಲೇ ಸಾಲಾಗಿ ಅದಾವಲ್ಲ?”

“ಅವು ಹಾಡಿನವು. ಇದರಾಗ ಹಾಡೆಲ್ಲಿತ್ತು? ಬರೇ ಒದರಾಟ. ಇಷ್ಟಕ್ಕ ಸಿಟ್ಟಾಗತಾರೇನು? ನೌಕರಿ ಮಾಡಾಕಿ, ಇನ್ನೊಂದು ತಗೋ.”

ಭಾವ ಕೆಟ್ಟವರಾಗಿದ್ದರೆ ಎಷ್ಟೋ ಚೆನ್ನಾಗಿತ್ತು, ಮನಸಾರೆ ಜಗಳವಾಡಬಹುದಿತ್ತು. ಅವರು ಸಜ್ಜನರು, ನನಗೆ ಮಜ್ಜಿಗೆ ತರಿಸಿದರು. ತಮಗೆ ಹಿಡಿಸದ್ದು ಹಾಡೇ ಅಲ್ಲವೆಂಬ ಆ ಸಜ್ಜನರ ನಿಶ್ಚಿಂತೆಗೆ ಎದುರಾಗಿ ಏನನ್ನು ತಾನೇ ಹೇಳುವುದು? ನಾನು ಮಜ್ಜಿಗೆ ಮುಟ್ಟದೆ ಎದ್ದು ನೇರ ಗದ್ದೆಗೆ ಹೋದೆ, ಚಪ್ಪಲಿ ಬಿಟ್ಟು ಬದುವಿಳಿದು ಪಟ್ಟಿ ಬಿಚ್ಚತೊಡಗಿದೆ. ಅದು ಜಗ್ಗಿ, ತಿರುಚಿ, ಅಲ್ಲಲ್ಲಿ ಹರಿದಿತ್ತು. ಮತ್ತೆ ಹಾಡುವಂತಿಲ್ಲವೆಂದು ತಿಳಿದೂ ಮೊಂಡುತನದಿಂದ ಕೈಗೆ ಸುತ್ತಿಕೊಳ್ಳುತ್ತಿದ್ದೆ. ಕೆಸರಿನಲ್ಲಿ ಮೊಣಕಾಲವರೆಗೆ ಇಳಿದ ಬ್ಯಾಂಕಿನವಳನ್ನು ನೋಡಿ ಆಚೆ ಮಡಿಯಲ್ಲಿ ಕಳೆ ಕೀಳುವವರು ನಕ್ಕರು.

ಹಿಂದೆಯೇ ಬಂದ ಅಕ್ಕ ಇನ್ನೊಂದು ತುದಿ ಹಿಡಿದುಕೊಂಡಳು. ನನ್ನ ಮುಖ ನೋಡದೆ ಕೇಳಿದಳು:

“ಎರಡನೇ ಮಗ್ಗಲಿನ ಕಡೀ ಹಾಡು ಇತ್ತಲ್ಲ, ಸಾವಕಾಶ ಸುರುವಾಗಿ ಆಮ್ಯಾಲ ಬೆಂಕಿ ಹತ್ತಿದಂಗ ಆಗೋದು, ಅದು ಈ ತುಣುಕಿನಾಗ ಇರಬೌದೇನು?”

ನಾನು ನಿಂತುಬಿಟ್ಟೆ. ಮಧ್ಯಾಹ್ನ ಎಲ್ಲರೂ ಗದ್ದೆಗೆ ಹೋದ ಮೇಲೆ, ಬಾಗಿಲು ಮುಂದೆ ಮಾಡಿಕೊಂಡು, ಅವಳು ದಿನಾಲೂ ಅದನ್ನೇ ಕೇಳುತ್ತಿದ್ದಳಂತೆ. ಕ್ಯಾಸೆಟ್ಟು ಕಳಿಸದಿದ್ದದ್ದು ಅದಕ್ಕಾಗಿ.

“ಅದರ ಮಾತು ನಿನಗ ತಿಳೀತಿದ್ವೇನಕ್ಕ?”

“ಮಾತು ತಿಳೀಲಿಲ್ಲ. ಸಿಟ್ಟು ತಿಳೀತಿತ್ತು.”

“ಮತ್ತ ಕಟ್ಟಬ್ಯಾಡ್ರಿ ಅಂತ ಭಾವಗ ಯಾಕ ಹೇಳಲಿಲ್ಲ?”

“ನಾ ಇಂಥಾವು ಕೇಳತೀನಿ ಅಂದ್ರ ನಗತಿದ್ರು.”

ಅಲ್ಲಿಯವರೆಗೆ ನನ್ನ ಸಿಟ್ಟು ನನ್ನ ವಸ್ತುವಿನ ಸಲುವಾಗಿತ್ತು, ಸ್ವಲ್ಪ ಸ್ವಾರ್ಥದ್ದೇ. ಈಗ ಅದು ಬೇರೆಯೇ ಆಯಿತು. ನನ್ನದನ್ನು ಕಿತ್ತುಕೊಂಡರೆ ಕೇಳಲು ನಾನು ಬಸ್ಸು ಹತ್ತಿ ಬಂದೆ; ಅವಳದನ್ನು ಅವಳ ಕಣ್ಣೆದುರೇ ಎಳೆದು ಗೂಟಕ್ಕೆ ಕಟ್ಟುವಾಗ ಅದು ಅವಳದೆಂದು ಯಾರಿಗೂ ಗೊತ್ತಿರಲಿಲ್ಲ. ಇವಳಿಗೂ ಕಿವಿಗಳಿವೆ, ಆ ಕಿವಿಗಳಿಗೂ ಒಂದು ಇಷ್ಟವಿದ್ದೀತು ಎಂದು ಆ ಮನೆಯಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ನಿಜ ಹೇಳಬೇಕೆಂದರೆ, ಆಲ್ಬಮ್ಮುಗಳ ತಾರತಮ್ಯ ಬಲ್ಲ ನನಗೂ ಹೊಳೆದಿರಲಿಲ್ಲ.

ಮನೆಗೆ ಬಂದವಳೇ ಅಕ್ಕ ಕೈ ತೊಳೆದು ಸೆರಗಿಗೆ ಒರೆಸಿಕೊಂಡಳು. ಗೋಡೆಯ ಮಾಡಿನಲ್ಲಿದ್ದ ಭಾವನ ಅಚ್ಚುಮೆಚ್ಚಿನ ನಾಟಕದ ಹಾಡುಗಳ ಕ್ಯಾಸೆಟ್ಟು ತೆಗೆದು ಅವರ ಮುಂದೆ ಹಿಡಿದಳು.

“ಕಾಲುವಿ ಕಡೆ ಮಡಿ ಖಾಲಿ ಆಗ್ಯಾವ. ಇದನ್ನ ಕಟ್ಟರಿ.”

ಭಾವ ನಕ್ಕರು. ಅಕ್ಕ ನಗಲಿಲ್ಲ, ಕಿರುಬೆರಳು ಹಾಕಿ ಪಟ್ಟಿಯನ್ನು ಒಂದು ಮೊಳ ಹೊರಗೆಳೆದಳು.

“ಏ, ಏ, ಅದು ಹಾಡಿಂದು!”

“ಅದೂ ಹಾಡಿಂದ ಇತ್ತು. ನಾ ಕೇಳತಿದ್ದೆ.”

ಕ್ಯಾಸೆಟ್ಟಿಗೆಂದು ಚಾಚಿದ್ದ ಕೈಯನ್ನು ಭಾವ ಹಿಂದಕ್ಕೆ ತೆಗೆದುಕೊಂಡರು. ಅಕ್ಕ ಪಟ್ಟಿಯನ್ನು ಮತ್ತೆ ಒಳಗೆ ಸುತ್ತಿ, ಕ್ಯಾಸೆಟ್ಟನ್ನು ಮಾಡಿನಲ್ಲಿಟ್ಟು, ನನಗೆ ಊಟಕ್ಕೆ ಬಡಿಸಿದಳು.

ಮುಂದಿನ ವಾರ ಅಕ್ಕ, ಭಾವ ಇಬ್ಬರೂ ಸಿಂಧನೂರಿಗೆ ಬಂದರು, ಮಸ್ಕಿಯಿಂದ ನಾನೂ ಹೋದೆ. ಬಸ್‌ಸ್ಟ್ಯಾಂಡಿನ ಹತ್ತಿರದ ಕ್ಯಾಸೆಟ್ಟಿನಂಗಡಿಗೆ ಅಕ್ಕ ಅದೇ ಮೊದಲ ಸಲ ಕಾಲಿಟ್ಟದ್ದು. ಅಂಗಡಿಯವನು ರೂಢಿಯಂತೆ ಭಾವನ ಕಡೆ ತಿರುಗಿ “ಏನ್ ಬೇಕಾಗಿತ್ರಿ?” ಎಂದ. ಭಾವ ಒಂದು ಹೆಜ್ಜೆ ಹಿಂದೆ ಸರಿದರು.

“ಆಕೀನ ಕೇಳ್ರಿ.”

ತಂಡದ ಹೆಸರನ್ನು ನಾನು ಹೇಳಿದೆ, ಅವನಿಗೆ ತಿಳಿಯಲಿಲ್ಲ. ಮುಖಪುಟದ ಚಿತ್ರ ಹೇಗಿತ್ತೆಂದು ಅಕ್ಕ ಹೇಳಿದಳು, ತಿಳಿಯಿತು. ಧೂಳು ಹಿಡಿದ ಹಿಂದಿನ ಸಾಲಿನಿಂದ ಒಂದನ್ನು ತೆಗೆದು ಒರೆಸಿ ಮುಂದಿಟ್ಟ.

“ಇದು ಅವರ ಮೊದಲನೇದ್ರಿ. ಇದ ಚಲೋ ಐತಿ ಅಂತಾರ ಎಲ್ಲಾರೂ. ಒಯ್ರಿ.”

ಅಕ್ಕ ಅದನ್ನು ತಿರುಗಿಸಿ ನೋಡಿ, ಮೆಲ್ಲಗೆ ಅವನ ಕಡೆ ಸರಿಸಿದಳು.

“ಬ್ಯಾಡ್ರಿ. ಎರಡನೇದು ತರಸ್ರಿ. ನಾನ ಬಂದು ಒಯ್ತೀನಿ.”