ತಿದ್ದಿಕೊಟ್ಟ ವಿರೋಧ

ಗೆಳೆಯರೇ, ಇವತ್ತು ಕೊಪ್ಪಳದ ಕಾಲೇಜೊಂದರ ಚರ್ಚಾ ಸ್ಪರ್ಧೆಗೆ ನಾನು ತೀರ್ಪುಗಾರ. ವಿಷಯ, ‘ನಮಗೆ ಕಾರ್ಖಾನೆ ಬೇಕೇ?’ ಮಾತಾಡಿದ ಏಳು ಮಂದಿಯೂ ಬೇಕೆಂದರು.

“ವಿರೋಧ ಮಾತಾಡೋರು ಯಾರೂ ಇಲ್ಲೇನ್ರಿ?” ಎಂದೆ.

“ಕಡೀಗೆ ಒಬ್ಬಾಕಿ ಅದಾಳ್ರಿ. ಆಕಿ ಭಾಷಣಾನೂ ನಾವ ತಿದ್ದೀವಿ, ಕಾಳಜಿ ಮಾಡಬ್ಯಾಡ್ರಿ,” ಎಂದರು ಪ್ರಾಂಶುಪಾಲರು.

ಕಾರ್ಖಾನೆಗಳ ಪಕ್ಕದ ಊರಾದ ಗಿಣಿಗೇರಾದ ಆ ಹುಡುಗಿ ತಿದ್ದಿದ ಹಾಳೆಯನ್ನು ಮಡಚಿಟ್ಟಳು. “ನಮ್ಮಪ್ಪ ಕಾರ್ಖಾನ್ಯಾಗ ದುಡೀತಾನ್ರಿ. ನಮ್ಮ ಅನ್ನ ಅಲ್ಲಿಂದನ ಬರ್ತೈತಿ. ಆದ್ರ ಅಂಗಳದಾಗ ಹಪ್ಪಳ ಒಣಗಿಸಿದ್ರ ಅದರ ಹೊಗಿಗೆ ಕರ್ರಗಾಗ್ತಾವ. ಇದನ್ನ ಇಲ್ಲಿ ಕೇಳದ ಎಲ್ಲಿ ಕೇಳಬೇಕ್ರಿ?”

ಪ್ರಾಂಶುಪಾಲರು ಅವಧಿಗೆ ಎರಡು ನಿಮಿಷ ಮೊದಲೇ ಗಂಟೆ ಬಾರಿಸಿದರು. ನಾನು ಮೊದಲ ಬಹುಮಾನ ಆಕೆಗೇ ಬರೆದೆ.

ನಮ್ಮೂರ ಕಟ್ಟೆಯಲ್ಲಿ ಕಥೆ ಹೇಳುವಾಗ ಒಬ್ಬರು ಹೂಂಗುಟ್ಟಿದರೆ ಸಾಕು. ಕಾಲೇಜಿನಲ್ಲಿ ಎಲ್ಲರೂ ಹೂಂಗುಟ್ಟಬೇಕಂತೆ. ಹಾಗಾದರೆ ಕಥೆ ಹೇಳುವವರು ಯಾರು?