ಕೆಂಪು ದಾರ, ಹಸಿರು ದಾರ

ನಮ್ಮಮ್ಮನಿಗೆ ಹೊಟ್ಟೆಕಿಚ್ಚು ಜಾಸ್ತಿ. ಹೆತ್ತವಳ ಬಗ್ಗೆ ಹೀಗಾ ಮಾತಾಡುವುದು ಎಂದು ಕೇಳುವವರಿದ್ದಾರೆ. ಕೇಳಲಿ. ಅವಳ ಬಗ್ಗೆ ಒಳ್ಳೆಯ ಮಾತುಗಳೂ ಬೇಕಾದಷ್ಟಿವೆ, ಅವನ್ನೂ ಹೇಳುತ್ತೇನೆ. ಆದರೆ ಹೊಟ್ಟೆಕಿಚ್ಚು ಬಿಟ್ಟು ಹೇಳಹೊರಟರೆ ಅದು ಇನ್ಯಾರದೋ ಅಮ್ಮನ ಕತೆಯಾಗುತ್ತದೆ.

ಅಮ್ಮ ಮನೆಯಲ್ಲೇ ಕೂತು ಅಂಗಡಿಗಳಿಗೆ ಪರದೆ, ದಿಂಬಿನ ಕವರು ಹೊಲಿಯುತ್ತಾಳೆ. ಕಿಟಕಿಯ ಪಕ್ಕ ಮೆಷಿನ್ನು, ಅದರ ಬಲಕ್ಕೆ ಕತ್ತರಿಸಿದ ಬಟ್ಟೆಯ ರಾಶಿ, ಎಡಕ್ಕೆ ಹೊಲಿದು ಮಡಿಸಿದ ರಾಶಿ. ಅವಳ ಹೊಲಿಗೆ ಗೆರೆ ಎಳೆದ ಹಾಗೆ ನೇರ. ಅಷ್ಟಕ್ಕೇ ಸುಮ್ಮನಿದ್ದರೆ ಅಮ್ಮ ಎಂದು ಯಾಕೆ ಅನ್ನಬೇಕು? ಯಾರ ಮನೆಗೆ ಹೋದರೂ ಮೊದಲು ಅವರ ಪರದೆಯ ಅಂಚು ಮಗುಚಿ ನೋಡುತ್ತಾಳೆ. ಹೊಲಿಗೆ ಸೊಟ್ಟಗಿದ್ದರೆ ಆ ಮನೆಯವರೆಲ್ಲ ಒಳ್ಳೆಯವರು, ಇನ್ನೂ ಸ್ವಲ್ಪ ಹೊತ್ತು ಕೂರೋಣ. ನೆಟ್ಟಗಿದ್ದರೆ ತಲೆನೋವು ಬರುತ್ತದೆ, ಬೇಗ ಎದ್ದು ಬಂದುಬಿಡುತ್ತಾಳೆ.

ಪ್ರತಿ ಬೇಸಿಗೆಯಲ್ಲೂ ಅಜ್ಜಿಯ ಮನೆಯ ಹಿತ್ತಲಲ್ಲಿ ದ್ರಾಕ್ಷಿ ರಸ ಕಾಯಿಸಿ ವರ್ಷಕ್ಕಾಗುವಷ್ಟು ಬಾಟಲಿ ತುಂಬುವುದು ನಮ್ಮ ಮನೆಯವರ ದೊಡ್ಡ ಕೆಲಸ. ಅಜ್ಜಿ ಎಂದರೆ ಅಪ್ಪನ ಅಮ್ಮ. ಅವಳಿರುವುದು ಚಿಕ್ಕಪ್ಪನ ಜೊತೆ, ನಮ್ಮ ಮನೆಯಿಂದ ಎರಡು ಬೀದಿ ಆಚೆ. ಹಣ್ಣಿನ ಮಂಡಿಯಿಂದ ಕಪ್ಪು ದ್ರಾಕ್ಷಿಯ ಕ್ರೇಟುಗಳು ಬಂದಿಳಿದವೆಂದರೆ ಯಾರಿಗೂ ಉಸಿರಾಡಲು ಪುರುಸೊತ್ತಿಲ್ಲ. ತೊಳೆಯಬೇಕು, ತೊಟ್ಟು ಬಿಡಿಸಬೇಕು, ಸಿಪ್ಪೆ ಒಡೆಯುವವರೆಗೆ ಬೇಯಿಸಿ ಬಟ್ಟೆಯಲ್ಲಿ ಸೋಸಬೇಕು. ಸೋಸಿದ ರಸವನ್ನು ಮತ್ತೆ ಒಲೆಗೇರಿಸಿ, ಇನ್ನೇನು ಕುದಿಯಬೇಕು ಅನ್ನುವಾಗ, ಅಂಚಿನಲ್ಲಿ ಸಣ್ಣ ಗುಳ್ಳೆ ಏಳುವ ಹೊತ್ತಿಗೆ ಇಳಿಸಬೇಕು. ತಡವಾದರೆ ರಸ ಬೆಂದ ವಾಸನೆ ಹೊಡೆಯುತ್ತದೆ, ಅವಸರಪಟ್ಟರೆ ಬಾಳುವುದಿಲ್ಲ. ಆ ಗಳಿಗೆ ನೋಡಿ "ಇಳಿಸು" ಎನ್ನುವ ಅಧಿಕಾರ ಸೌಟು ಹಿಡಿದವರದು. ಸೌಟು ಹಿಡಿದವಳು ಅಜ್ಜಿ. ಬಸ್ ಡಿಪೋದಲ್ಲಿ ಮೆಕ್ಯಾನಿಕ್ಕುಗಳನ್ನೆಲ್ಲ ಗದರಿಸುವ ನಮ್ಮಪ್ಪ ಅವಳ ಒಂದು ಮಾತಿಗೆ ಮಸಿಬಟ್ಟೆ ಹಿಡಿದುಕೊಂಡು ಓಡಿ ಬರುತ್ತಾನೆ.

ಸೌಟಿನ ನಂತರದ ಪದವಿ ಮುಚ್ಚಳದ್ದು. ಬಿಸಿ ಬಾಟಲಿಗೆ ಬಿಸಿ ರಸ ತುಂಬಿ, ಬಾಯಿ ಒರೆಸಿ, ತಿರುಪಿನ ಮುಚ್ಚಳ ಹಾಕಬೇಕು. ಬಿಗಿ ಕಡಿಮೆಯಾದರೆ ಗಾಳಿ ಒಳಗೆ ಹೋಗುತ್ತದೆ, ಹೆಚ್ಚಾದರೆ ಒಳಗಿನ ಗಾಳಿ ಹೊರಗೆ ಬರುವುದಿಲ್ಲ. ಆಮೇಲೆ ಬಾಟಲಿಗಳನ್ನು ನೀರಿನ ಡ್ರಮ್ಮಿನಲ್ಲಿ ನಿಲ್ಲಿಸಿ ಕುದಿಸಿ, ತೆಗೆದು ಹಲಗೆಯ ಮೇಲೆ ಆರಲು ಇಡುವುದು. ಆರುತ್ತಾ ಆರುತ್ತಾ ಮುಚ್ಚಳದ ನಡು ಒಂದೊಂದಾಗಿ ಟಕ್ಕೆಂದು ಒಳಕ್ಕೆ ತಗ್ಗುತ್ತದೆ, ಅಂದರೆ ಮುಚ್ಚಳ ಭದ್ರವಾಗಿ ಕೂತಿತು. ಆ ಟಕ್ ಕೇಳುವವರೆಗೆ ಮುಚ್ಚಿದವಳಿಗೆ ಸಮಾಧಾನವಿಲ್ಲ.

ಯಾರು ಮುಚ್ಚಳ ಹಾಕಿದರೋ ಅವರ ಬಣ್ಣದ ದಾರವನ್ನು ಬಾಟಲಿಯ ಕುತ್ತಿಗೆಗೆ ಕಟ್ಟಬೇಕು. ಇದು ಅಜ್ಜಿ ಮಾಡಿದ ನೇಮ. ವರ್ಷದ ನಡುವೆ ಯಾವುದಾದರೂ ಬಾಟಲಿ ಹುಳಿಯಾದರೆ ಅದು ದಾರದ ಒಡತಿಯ ಮನೆಗೆ ವಾಪಸ್ಸು ಹೋಗುತ್ತದೆ, ಜೊತೆಗೆ ಅವಳನ್ನು ಆಡಿಕೊಂಡು ನಗಲು ಎಲ್ಲರಿಗೂ ಒಂದು ವಿಷಯ ಸಿಗುತ್ತದೆ. ಅಜ್ಜಿಯದು ಬಿಳಿ ದಾರ, ಅಮ್ಮನದು ಕೆಂಪು. ಸೊಸೆಯಾಗಿ ಬಂದ ಮೊದಲ ಬೇಸಿಗೆಯಿಂದ ಅಮ್ಮ ಅಜ್ಜಿಯ ಪಕ್ಕದಲ್ಲಿ ನಿಂತು ಮುಚ್ಚಳ ಹಾಕಿದವಳು. ಒಂದು ದಿನ ಸೌಟು ತನ್ನ ಕೈಗೇ ಬರುತ್ತದೆ ಎಂದು ನೆಚ್ಚಿಕೊಂಡಿದ್ದಳು. ಅವಳು ಜೀವನದಲ್ಲಿ ಬಾಯಿಬಿಟ್ಟು ಏನನ್ನೂ ಕೇಳಿದವಳಲ್ಲ, ಅದನ್ನೂ ಕೇಳಲಿಲ್ಲ.

ಅಷ್ಟರಲ್ಲಿ ಚಿಕ್ಕಪ್ಪನಿಗೆ ಮದುವೆಯಾಯಿತು. ಚಿಕ್ಕಮ್ಮ ಬೇಕರಿಯ ಕೌಂಟರಿನಲ್ಲಿ ಕೆಲಸ ಮಾಡುವವಳು. ಮಾತಾಡುತ್ತಾ ಮಾತಾಡುತ್ತಾ ಕೇಕಿನ ಡಬ್ಬಿಗೆ ದಾರ ಸುತ್ತಿ ಗಂಟು ಹಾಕಿ ಕೊಡುತ್ತಾಳೆ, ಕಣ್ಣು ಡಬ್ಬಿಯ ಮೇಲಿರುವುದೇ ಇಲ್ಲ. ಅವಳ ಮೊದಲ ಬೇಸಿಗೆಯಲ್ಲಿ ಅಜ್ಜಿಯ ಮಣಿಕಟ್ಟು ಊದಿಕೊಂಡಿತ್ತು. ಒಲೆ ಹಚ್ಚುವ ಮುಂಚೆ ಅಜ್ಜಿ ಸೊಸೆಯರಿಬ್ಬರನ್ನೂ ಕರೆದು ನಿಲ್ಲಿಸಿದಳು.

"ಮುಚ್ಚಳ ತಿರುಗಿಸೋಕೆ ನನ್ನ ಕೈಲಿ ಇನ್ನಾಗಲ್ಲ. ಇಬ್ರೂ ಸೇರಿ ಹಾಕಿ. ವರ್ಷ ಕಳೀಲಿ, ಯಾರ ಬಾಟಲಿ ಒಂದೂ ಕೆಡಲ್ವೋ ಅವಳಿಗೆ ಸೌಟು" ಎಂದು ಹೇಳಿ ಚಿಕ್ಕಮ್ಮನ ಕೈಗೆ ಹಸಿರು ದಾರದ ಉಂಡೆ ಕೊಟ್ಟಳು.

ಅಂದು ಕೆಲಸ ಮುಗಿಸಿ ಮನೆಗೆ ಬರುವಾಗ ಅಮ್ಮ ದಾರಿಯುದ್ದಕ್ಕೂ ನಮಗೆ ಕೇಳಿಸುವ ಹಾಗೆ ತನ್ನಷ್ಟಕ್ಕೇ ಮಾತಾಡಿಕೊಂಡು ಬಂದಳು. ನಿನ್ನೆ ಮೊನ್ನೆ ಬಂದವಳು. ಕೇಕಿನ ಡಬ್ಬಿ ಕಟ್ಟಿದಂತೆ ಅಂದುಕೊಂಡಿದ್ದಾಳೆ. ಹಲಗೆಯ ಮೇಲಿದ್ದಾಗ ಅವಳ ಬಾಟಲಿಗಳೇ ಮೊದಲು ಟಕ್ ಅಂದವು, ಹಾಗಂತ ಏನು ಮಹಾ? ಮೊದಲು ಸದ್ದು ಮಾಡಿದ್ದು ಚೆನ್ನಾಗಿರಬೇಕು ಅಂತ ಎಲ್ಲಿದೆ? ಅಪ್ಪ ನನ್ನ ಮುಖ ನೋಡಿದ, ನಾನು ಅಪ್ಪನ ಮುಖ ನೋಡಿದೆ. ಇಬ್ಬರೂ ಬೇಗ ಬೇಗ ಹೆಜ್ಜೆ ಹಾಕಿದೆವು.

ಕೆಂಪು ಹಸಿರು ಎರಡೂ ಬೆರೆತ ಬಾಟಲಿಗಳನ್ನು ಎರಡು ಮನೆಗೂ ಸಮವಾಗಿ ಹಂಚಿದ್ದರು. ಅಮ್ಮ ನಮ್ಮ ಪಾಲನ್ನು ಅಡುಗೆಮನೆಯ ಕಪಾಟಿನಲ್ಲಿ ಜೋಡಿಸಿದಳು, ಹಸಿರಿನವು ಮುಂದೆ, ಕೆಂಪಿನವು ಹಿಂದೆ. ಹೊಸಬಳನ್ನು ಮುಂದಿಟ್ಟಿದ್ದಾಳೆ, ಪರವಾಗಿಲ್ಲವೇ ಎಂದು ನನಗೆ ಅನ್ನಿಸಿತು. ಎರಡು ವಾರ ಕಳೆಯುವಷ್ಟರಲ್ಲಿ ಗೊತ್ತಾಯಿತು. ಇವಳು ಕೆಟ್ಟದ್ದನ್ನು ಹುಡುಕುತ್ತಿದ್ದಳು.

ಬಾಟಲಿ ತೆಗೆಯುವ ಮುನ್ನ ಬೆಳಕಿಗೆ ಹಿಡಿದು ನೋಡುವಳು, ಅಡಿಯಲ್ಲಿ ಗಷ್ಟೇನಾದರೂ ಇದೆಯಾ ಎಂದು. ಹೆಬ್ಬೆರಳಿನಿಂದ ಮುಚ್ಚಳದ ನಡು ಒತ್ತುವಳು. ತಿರುಪಿದಾಗ ಉಸ್ ಎಂದು ಗಾಳಿ ಒಳಕ್ಕೆಳೆದುಕೊಂಡ ಸದ್ದು ಕೇಳಿದರೆ ಅಮ್ಮನ ಮುಖ ಇಳಿದುಹೋಗುವುದು. ಆ ಸದ್ದು ಬಂತೆಂದರೆ ಮುಚ್ಚಳ ಭದ್ರವಾಗಿತ್ತು ಎಂದರ್ಥ. ಆದರೂ ಆಸೆ ಬಿಡದೆ ಒಂದು ಚಮಚ ನಾಲಿಗೆಯ ಮೇಲಿಟ್ಟು ಕಣ್ಣು ಮುಚ್ಚಿಕೊಂಡು ನಿಲ್ಲುವಳು. ಹುಳಿ ಇಲ್ಲ. ನೊರೆ ಇಲ್ಲ. ಅಚ್ಚುಕಟ್ಟಾದ ದ್ರಾಕ್ಷಿ ರಸ, ದರಿದ್ರದ್ದು.

ಮನೆಗೆ ಯಾರು ಬಂದರೂ ಹಸಿರು ದಾರದ್ದೇ. ಲೋಟ ಕೊಡುವಾಗಲೇ ಇದು ನಾನು ಮುಚ್ಚಿದ್ದಲ್ಲ, ನನ್ನ ಓರಗಿತ್ತಿ ಮುಚ್ಚಿದ್ದು ಎಂದು ಹೇಳಿಬಿಡುವಳು. ಹೇಗಿದ್ದರೂ ತನ್ನ ತಲೆಗೆ ಬರಬಾರದು. ಅವರು ಒಂದು ಗುಟುಕು ಕುಡಿದು, ಆಹಾ, ನಿಮ್ಮ ಓರಗಿತ್ತಿಯ ಕೈ ಎಷ್ಟು ಚೆನ್ನಾಗಿದೆ ಎನ್ನುವರು. ಬೀದಿಯ ಕೊನೆಯ ಕ್ಷೌರದ ಅಂಗಡಿಯವನು ಎರಡನೇ ಲೋಟ ಕೇಳಿ ಕುಡಿದು ಹೋದ. ಹೀಗೆ ಅಮ್ಮ ತನ್ನ ಕೈಯಾರೆ ಇಡೀ ಬೀದಿಯಲ್ಲಿ ಚಿಕ್ಕಮ್ಮನ ಹೆಸರು ಮಾಡಿಕೊಟ್ಟಳು. ಅವಳ ಸ್ವಂತ ಬಾಟಲಿಗಳು ಕಪಾಟಿನ ಹಿಂದುಗಡೆ ಧೂಳು ತಿನ್ನುತ್ತಾ ಕೂತಿದ್ದವು. ಒಮ್ಮೆ ಅಪ್ಪ ಬಾಯಿ ತಪ್ಪಿ, ಈ ಸಲದ್ದು ಯಾವತ್ತಿಗಿಂತ ಚೆನ್ನಾಗಿದೆ ಎಂದುಬಿಟ್ಟ. ಆ ವಾರವೆಲ್ಲ ಅವನು ತಟ್ಟೆಯನ್ನು ತಾನೇ ಹಾಕಿಕೊಂಡು ತಾನೇ ತೊಳೆದ.

ಬೇಸಿಗೆ ಮತ್ತೆ ಹತ್ತಿರ ಬರುವಾಗ ಹಸಿರು ದಾರದ್ದು ಒಂದೇ ಒಂದು ಉಳಿದಿತ್ತು. ಅಂದು ನಾನು ಕೆಲಸ ಮಾಡುವ ಚಪ್ಪಲಿ ಅಂಗಡಿಗೆ ರಜೆ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೇನೆ, ಅಮ್ಮ ಆ ಬಾಟಲಿಯ ಮುಚ್ಚಳವನ್ನು ನಿಧಾನವಾಗಿ ತಿರುಪಿದಳು. ಉಸ್ ಎಂದಿತು. ತೆಗೆಯಲಿಲ್ಲ, ಸುರಿಯಲಿಲ್ಲ. ಸಡಿಲವಾದ ಮುಚ್ಚಳದ ಸಮೇತ ಬಿಸಿಲು ಬೀಳುವ ಕಿಟಕಿಯಲ್ಲಿಟ್ಟು, ಏನೂ ಆಗಿಲ್ಲವೆಂಬಂತೆ ಮೆಷಿನ್ನಿಗೆ ಬಂದು ಕೂತಳು. ನಾಲ್ಕು ದಿನ ಹಾಗೇ ಬಿಟ್ಟರೆ ಸಾಕು, ಹುಳಿಯಾಗಿ ನೊರೆ ಏಳುತ್ತದೆ. ಆಮೇಲೆ ಅಜ್ಜಿಯ ಮುಂದೆ ಕುಕ್ಕಿದರಾಯಿತು. ಅಮ್ಮನ ಹೊಟ್ಟೆ ಉರಿ ಗೊತ್ತಿತ್ತು, ಅದು ಇಲ್ಲಿಯವರೆಗೆ ಹೋಗುತ್ತದೆಂದು ಗೊತ್ತಿರಲಿಲ್ಲ.

ಮೆಷಿನ್ನು ಸ್ವಲ್ಪ ಓಡಿತು, ನಿಂತಿತು. ಮತ್ತೆ ಓಡಿತು, ನಿಂತಿತು. ಹೊಲಿದದ್ದನ್ನು ಬಿಚ್ಚಿದಳು. ಯಾವತ್ತೂ ಹೊಲಿಗೆ ಬಿಚ್ಚದ ಅಮ್ಮ ಒಂದೇ ದಿಂಬಿನ ಕವರನ್ನು ಮೂರು ಸಲ ಬಿಚ್ಚಿದಳು. ಆಮೇಲೆ ದಡಕ್ಕನೆ ಎದ್ದು ಅಡುಗೆಮನೆಗೆ ಹೋಗಿ, ಆ ರಸವನ್ನು ಪಾತ್ರೆಗೆ ಸುರಿದು ಒಲೆಯ ಮೇಲಿಟ್ಟಳು. ಬಾಟಲಿ ಕುದಿಸಿದಳು. ಅಂಚಿನಲ್ಲಿ ಗುಳ್ಳೆ ಏಳುತ್ತಲೇ ಇಳಿಸಿ, ತುಂಬಿ, ಹೊಸ ಮುಚ್ಚಳ ಹಾಕಿ, ಮತ್ತೆ ನೀರಲ್ಲಿ ನಿಲ್ಲಿಸಿ ಕುದಿಸಿದಳು. ಆರಲು ಇಟ್ಟು ಪಕ್ಕದಲ್ಲೇ ಕೂತಳು. ಟಕ್ ಎಂದಿತು.

ಈಗ ಈ ಬಾಟಲಿ ಯಾರದು? ಮುಚ್ಚಿದ ಕೈ ಅಮ್ಮನದು, ಹಾಗಾಗಿ ಕೆಂಪು ದಾರ ಕಟ್ಟಲೇಬೇಕು. ಹಸಿರನ್ನು ಬಿಚ್ಚಿಬಿಟ್ಟರೆ ಕೇಳುವವರಿರಲಿಲ್ಲ. ಅವಳು ಬಿಚ್ಚಲಿಲ್ಲ. ಹಸಿರಿನ ಪಕ್ಕದಲ್ಲಿ ಕೆಂಪನ್ನು ಕಟ್ಟಿ ಹೋಗಿ ಕವರು ಹೊಲಿದಳು, ಈ ಸಲ ನೆಟ್ಟಗೆ ಬಂತು.

ರಸದ ದಿನ ಬಂತು. ಅಂದು ಎರಡೂ ಮನೆಯವರು ಖಾಲಿ ಬಾಟಲಿ, ಉಳಿದ ತುಂಬಿದ ಬಾಟಲಿ ಎಲ್ಲವನ್ನೂ ಹಿತ್ತಲಿಗೆ ತಂದಿಡಬೇಕು. ಹಳೆಯದನ್ನು ಕೆಲಸಕ್ಕೆ ಮುಂಚೆ ಕುಡಿದು ಮುಗಿಸುವುದು ವಾಡಿಕೆ. ಅಪ್ಪ ನಮ್ಮ ಚೀಲ ಬಿಚ್ಚಿದ, ಖಾಲಿ ಬಾಟಲಿಗಳೆಲ್ಲ ಹಸಿರು. ಚಿಕ್ಕಪ್ಪ ಅವರ ಬುಟ್ಟಿ ತಂದಿಟ್ಟ. ಅಲ್ಲಿನ ಖಾಲಿಗಳೆಲ್ಲ ಕೆಂಪು. ಒಂದು ಕಡೆ ಹಸಿರು ಗುಡ್ಡೆ, ಇನ್ನೊಂದು ಕಡೆ ಕೆಂಪು ಗುಡ್ಡೆ. ಚಿಕ್ಕಪ್ಪನಿಗೆ ಕಣ್ಣಲ್ಲಿ ನೀರೇ ಬಂತು. ನೋಡಣ್ಣ, ಒಬ್ಬರದನ್ನೊಬ್ಬರು ಎಷ್ಟು ಇಷ್ಟಪಟ್ಟು ಕುಡಿದಿದ್ದಾರೆ, ಓರಗಿತ್ತಿಯರು ಅಂದರೆ ಹೀಗಿರಬೇಕು ಎಂದ. ಗಂಡಸರಿಗೆ ದೇವರು ಕಣ್ಣು ಯಾಕೆ ಕೊಟ್ಟನೋ.

ಅಮ್ಮ ಕೆಂಪು ಗುಡ್ಡೆ ನೋಡಿದಳು. ಚಿಕ್ಕಮ್ಮ ಹಸಿರು ಗುಡ್ಡೆ ನೋಡಿದಳು. ಇಬ್ಬರೂ ಒಟ್ಟಿಗೇ ನೆಲ ನೋಡಿದರು. ಅಜ್ಜಿ ಮಾತ್ರ ತುಂಬಿದ ಬಾಟಲಿಗಳನ್ನು ಒಂದೊಂದಾಗಿ ಎತ್ತಿ ನೋಡುತ್ತಾ ಬಂದವಳು ಎರಡು ದಾರದ ಬಾಟಲಿಯ ಹತ್ತಿರ ನಿಂತಳು.

"ದೊಡ್ಡವಳೇ, ಇದಕ್ಕೆ ಎರಡು ದಾರ ಯಾಕೆ?"

ಸುಳ್ಳು ಹೇಳಬಹುದಿತ್ತು. ಕಟ್ಟುವಾಗ ಕೈ ತಪ್ಪಿತು ಎಂದರೆ ಮುಗಿದುಹೋಗುತ್ತಿತ್ತು. ನಾನಂತೂ ಒಳಗೊಳಗೇ ಹಾಗೇ ಹೇಳಮ್ಮ ಎಂದು ಬೇಡಿಕೊಳ್ಳುತ್ತಿದ್ದೆ.

"ಇವಳು ಮುಚ್ಚಿದ್ದು ಅತ್ತೆ. ಕೆಡ್ಲಿ ಅಂತ ನಾನೇ ಸಡಿಲ ಮಾಡಿ ಬಿಸಿಲಲ್ಲಿಟ್ಟೆ."

"ಮತ್ತೆ ಯಾಕೆ ಕೆಡ್ಲಿಲ್ಲ?"

"ಬಿಡೋಕಾಗ್ಲಿಲ್ಲ. ಅರ್ಧ ಮುಚ್ಚಿದ ಬಾಟಲಿ ಮನೇಲಿಟ್ಕೊಂಡು ನನಗೆ ಹೊಲಿಗೆ ಓಡ್ಲಿಲ್ಲ. ಮತ್ತೆ ಕಾಯಿಸಿ ಮುಚ್ಚಿದೆ."

ಅಮ್ಮನ ಮುಖ ಕಿವಿಯವರೆಗೆ ಕೆಂಪೇರಿತ್ತು. ಅಪ್ಪ ಕೈಯಲ್ಲಿದ್ದ ಮಸಿಬಟ್ಟೆಯನ್ನು ಮಡಿಸುತ್ತಾ ಬಿಚ್ಚುತ್ತಾ ನಿಂತಿದ್ದ. ಚಿಕ್ಕಮ್ಮ ಈಗ ರಂಪ ಮಾಡುತ್ತಾಳೆ ಎಂದುಕೊಂಡೆ. ಮಾಡಿದ್ದರೆ ತಪ್ಪೇನೂ ಇರಲಿಲ್ಲ. ಅವಳು ತಲೆಯೆತ್ತದೆ ಹೇಳಿದಳು.

"ನಾನೂ ಅಷ್ಟೇ ಅಕ್ಕ. ವರ್ಷವೆಲ್ಲ ನಿಮ್ಮದನ್ನೇ ತೆಗೆದು ತೆಗೆದು ನೋಡಿದೀನಿ. ಒಂದಾದ್ರೂ ಹುಳಿಯಾಗಿರುತ್ತೆ ಅಂತ."

ಅಮ್ಮ ಥಟ್ಟನೆ ಕೇಳಿದಳು, "ಆಗಿರ್ಲಿಲ್ವಾ?"

"ಒಂದೂ ಇಲ್ಲ."

ಆಗ ಅಮ್ಮನ ಮುಖ ಅರಳಿದ್ದನ್ನು ನೀವು ನೋಡಬೇಕಿತ್ತು. ಕೆಟ್ಟ ಕೆಲಸ ಒಪ್ಪಿಕೊಂಡು ಇನ್ನೂ ಅರೆ ನಿಮಿಷವಾಗಿರಲಿಲ್ಲ. ನಾಚಿಕೆ ಎಲ್ಲಿ ಹೋಯಿತೋ, ಸೆರಗು ಸಿಕ್ಕಿಸಿಕೊಂಡು ನೆಟ್ಟಗೆ ನಿಂತಳು. ಆಮೇಲೆ, ಹಲ್ಲು ಕೀಳಿಸಿಕೊಳ್ಳುವವಳ ಹಾಗೆ ಮುಖ ಮಾಡಿಕೊಂಡು, ನಿನ್ನದೂ ಚೆನ್ನಾಗಿತ್ತು ಎಂದಳು. ಆ ಮಾತು ಹೊರಗೆ ಬರಲು ಒಂದು ವರ್ಷ ಹಿಡಿದಿತ್ತು.

ಹಾಗಾದರೆ ಸೌಟು ಯಾರಿಗೆ ಎಂದು ಚಿಕ್ಕಪ್ಪ ಕೇಳಿದ. ಇಬ್ಬರ ಬಾಟಲಿಯೂ ಕೆಟ್ಟಿರಲಿಲ್ಲ. ಅಜ್ಜಿ ಹಳೆಯ ಸೌಟನ್ನು ಮಡಿಲಿನಲ್ಲಿಟ್ಟುಕೊಂಡು ಕೂತಿದ್ದವಳು ಅದನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡಳು.

"ಯಾರಿಗೂ ಇಲ್ಲ. ಕೊಡೋಕೆ ನನಗೇನು ಆಸೆ ಇತ್ತು ಅಂದ್ಕೊಂಡ್ರಾ? ಇಬ್ರದೂ ಒಂದೊಂದು ಕೆಡುತ್ತೆ ಅಂತ ನಾನೂ ಕಾಯ್ತಿದ್ದೆ."

ಅಮ್ಮ ಯಾರ ಸೊಸೆ ಎನ್ನುವುದು ನನಗೆ ಅಂದು ಅರ್ಥವಾಯಿತು.

ರಸ ಒಲೆಗೇರಿತು. ಅಜ್ಜಿ ಹಟ ಹಿಡಿದು ಸೌಟು ಆಡಿಸಿದಳು. ಸ್ವಲ್ಪ ಹೊತ್ತಿಗೆ ಮಣಿಕಟ್ಟು ಸೋತು ಸೌಟು ಜಾರಿತು. ಅದು ಪಾತ್ರೆಗೆ ಬೀಳುವ ಮೊದಲೇ ಎರಡು ಕೈಗಳು ಒಟ್ಟಿಗೇ ಚಾಚಿ ಹಿಡಿದವು. ಅಮ್ಮ ಬಿಡಲಿಲ್ಲ. ಚಿಕ್ಕಮ್ಮನೂ ಬಿಡಲಿಲ್ಲ. ಒಂದೇ ಸೌಟನ್ನು ಇಬ್ಬರೂ ಹಿಡಿದು, ಒಬ್ಬರ ಮುಖ ಒಬ್ಬರು ನೋಡದೆ, ಕಣ್ಣು ಪಾತ್ರೆಯ ಅಂಚಿನಲ್ಲೇ ನೆಟ್ಟು ತಿರುಗಿಸಿದರು. ಗುಳ್ಳೆ ಎದ್ದಾಗ "ಇಳಿಸು" ಎಂಬ ಮಾತು ಎರಡು ಬಾಯಿಂದಲೂ ಒಮ್ಮೆಗೇ ಬಂತು. ಅಪ್ಪನೂ ಚಿಕ್ಕಪ್ಪನೂ ಓಡಿ ಬಂದು ಇಳಿಸಿದರು.

ಎರಡನೆಯ ಪಾತ್ರೆ ಒಲೆಗೇರಿತು, ಇಬ್ಬರೂ ಸೌಟು ಬಿಟ್ಟು ಕದಲಲಿಲ್ಲ. ಇಳಿಸಿದ ರಸ ಬಾಟಲಿಗೆ ಬೀಳುತ್ತಿದೆ, ಮುಚ್ಚಳ ಹಾಕುವವರೇ ಇಲ್ಲ. ಅಜ್ಜಿ ನನ್ನನ್ನು ಬೆರಳಿನಿಂದ ಕರೆದಳು. ಸೊಂಟದ ಚೀಲದಿಂದ ತನ್ನ ಬಿಳಿ ದಾರದ ಉಂಡೆ ತೆಗೆದು ನನ್ನ ಅಂಗೈಯಲ್ಲಿಟ್ಟು, ಇದು ಇನ್ನು ನಿನ್ನದು ಎಂದಳು. ನಾನು ಬಾಟಲಿಯ ಬಾಯಿ ಒರೆಸಿ, ಮುಚ್ಚಳ ತಿರುಪಿ, ಕುತ್ತಿಗೆಗೆ ಬಿಳಿ ದಾರ ಕಟ್ಟಿದೆ. ಗಂಟು ನೋಡಿ ಅಜ್ಜಿ, ಭೇಷ್, ಒಂದೇ ಸಲಕ್ಕೆ ಬಂತಲ್ಲ ಎಂದಳು.

ಒಲೆಯ ಹತ್ತಿರ ಸೌಟಿನ ಸದ್ದು ನಿಂತಿತು. ತಿರುಗಿ ನೋಡಿದೆ. ಅಮ್ಮನೂ ಚಿಕ್ಕಮ್ಮನೂ ನನ್ನ ಕೈಯನ್ನೇ ನೋಡುತ್ತಿದ್ದರು. ಪರದೆಯ ಅಂಚು ಮಗುಚುವಾಗಿನ ಆ ನೋಟ ನನಗೆ ಚೆನ್ನಾಗಿ ಗೊತ್ತು.