ಖಾತ್ರಿಯಾಗಿ ಹೇಳಿದ ಬೆಡಗು

ನನಗೀಗ ಎಪ್ಪತ್ತನಾಲ್ಕು. ಬೆಟಗೇರಿಯಲ್ಲಿ ಮಗನ ಮನೆಯಲ್ಲಿದ್ದೇನೆ. ಶಿರಹಟ್ಟಿ ಕಡೆಯ ಪ್ರಾಥಮಿಕ ಶಾಲೆಗಳಲ್ಲಿ ಮೂವತ್ತಮೂರು ವರ್ಷ ಕಲಿಸಿದವಳು. ಪುಸ್ತಕ ತೆರೆಯದೆ ಇಡೀ ತರಗತಿಯ ಹಾಜರಿ ಕೂಗುತ್ತಿದ್ದೆ. ಆ ಜಂಬ ನಿವೃತ್ತಿಯಾದ ಮೇಲೂ ಇಳಿಯಲಿಲ್ಲ. ಇತ್ತೀಚೆಗೆ ಮಾತ್ರೆ ನುಂಗಿದೆನೋ ಇಲ್ಲವೋ ಎಂದು ಸೊಸೆಯನ್ನು ಕೇಳಬೇಕಾಗುತ್ತದೆ. ಒಲೆಯ ಮೇಲೆ ಹಾಲಿಟ್ಟು ಮರೆತು ಎರಡು ಪಾತ್ರೆ ಸುಟ್ಟಿದ್ದೇನೆ. ಅದನ್ನೆಲ್ಲ ಒಪ್ಪಿಕೊಳ್ಳಲು ನನಗೆ ನಾಚಿಕೆಯಿಲ್ಲ. ನಿನ್ನೆ ಮೊನ್ನೆಯದು ಹೋದರೆ ಹೋಗಲಿ, ಹಳೆಯದು ಮಾತ್ರ ಗಟ್ಟಿ ಇದೆ ಎಂದು ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದೆ.

ನಮ್ಮವರೂ ಅದನ್ನು ನಂಬಿದ್ದರು. ಬಳಗದಲ್ಲಿ ಯಾರಿಗೆ ಸಂಬಂಧ ನೋಡಿದರೂ ಮೊದಲ ಫೋನು ನನಗೇ ಬರುತ್ತಿತ್ತು, ಬೆಡಗು ಕೇಳಲು. ಒಂದೇ ಬೆಡಗಿನ ಮನೆತನಗಳೆಂದರೆ ನಮ್ಮಲ್ಲಿ ಅಣ್ಣತಮ್ಮಂದಿರ ಲೆಕ್ಕ. ಅವರೊಳಗೆ ಹೆಣ್ಣು ಕೊಡುವುದಿಲ್ಲ, ತರುವುದಿಲ್ಲ. ಅಪ್ಪನಿಗೆ ಗಂಡುಮಕ್ಕಳಿಲ್ಲದೆ ನನ್ನ ಗಂಡ ಮನೆಅಳಿಯನಾಗಿ ಬಂದದ್ದರಿಂದ ನನ್ನ ಮಕ್ಕಳು ಮೊಮ್ಮಕ್ಕಳಿಗೂ ಅಪ್ಪನ ಬೆಡಗೇ. ಯಾರು ಅಣ್ಣತಮ್ಮಂದಿರು, ಯಾರು ಬೀಗರು ಎಂಬುದು ನನ್ನ ನಾಲಿಗೆಯ ತುದಿಯಲ್ಲಿತ್ತು. ನಾನು ಬೇಡ ಅಂದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು.

ಹೋದ ದೀಪಾವಳಿಗೆ ಮುಂಚೆ ಮೊಮ್ಮಗಳಿಗೇ ಒಂದು ಸಂಬಂಧ ಕೂಡಿಬಂತು. ಅವಳು ಹುಲಕೋಟಿಯಲ್ಲಿ ಶಾಲಾ ಶಿಕ್ಷಕಿ. ಹುಡುಗನದು ಮುಂಡರಗಿಯಲ್ಲಿ ಪಂಪ್‌ಸೆಟ್ ರಿಪೇರಿಯ ಅಂಗಡಿ. ಅವರು ಬಂದು ನೋಡಿ ಹೋದರು, ಮೂರು ವಾರ ಇಬ್ಬರೂ ಫೋನಿನಲ್ಲಿ ಮಾತಾಡಿದರು. ಸಂಜೆಯಾದರೆ ಹುಡುಗಿ ಮಾಳಿಗೆ ಹತ್ತಿ, ಫೋನು ಕಿವಿಗಿಟ್ಟುಕೊಂಡು ಆ ತುದಿಯಿಂದ ಈ ತುದಿಗೆ ಅಡ್ಡಾಡುತ್ತಿದ್ದಳು. ಅವಳ ನಗು ಕೆಳಗೆ ನನ್ನ ಕೋಣೆಗೆ ಕೇಳುತ್ತಿತ್ತು. ನನಗೂ ಖುಷಿಯಾಗಿತ್ತು, ಸುಳ್ಳೇಕೆ ಹೇಳಲಿ.

ಹಬ್ಬದ ಮರುದಿನ ಮಗ ಹುಡುಗನ ಅಜ್ಜನ ಊರು, ಹೆಸರು ಹೇಳಿದ. ನಾನು ಕೈಯಲ್ಲಿದ್ದ ಚಹಾದ ಲೋಟ ಕೆಳಗಿಟ್ಟೆ.

"ಅವರು ನಮ್ಮ ಅಣ್ತಮ್ಮರು," ಎಂದೆ. "ಈ ಲಗ್ನ ಆಗಾಕ ಬರೂದಿಲ್ಲ."

"ಅವರು ಬ್ಯಾರೆ ಬೆಡಗು ಹೇಳ್ಯಾರಲ್ಲವ್ವಾ," ಎಂದ ಮಗ.

"ಹೇಳ್ತಾರ. ನಾ ಕಣ್ಣಾರೆ ನೋಡೇನಿ."

ನೋಡಿದ್ದು ಇದು. ನನಗೆ ಹನ್ನೊಂದು ವರ್ಷವಿದ್ದಾಗ ಶಿರಹಟ್ಟಿಯ ನಮ್ಮ ಮನೆಯಲ್ಲಿ ಅತ್ತೆಯ, ಅಂದರೆ ಅಪ್ಪನ ತಂಗಿಯ ಲಗ್ನವಾಯಿತು. ಬೀಗರಿಗೆ ರುಮಾಲು ಸುತ್ತುವಾಗ ಅಪ್ಪನ ಪಕ್ಕದಲ್ಲಿ ಒಬ್ಬ ನಿಂತಿದ್ದ, ಎಡಗಾಲು ಸ್ವಲ್ಪ ಕುಂಟು. ಅಪ್ಪ ಒಬ್ಬರಿಗೆ ಸುತ್ತಿದರೆ ಅವನು ಮುಂದಿನವರಿಗೆ ಸುತ್ತುತ್ತಿದ್ದ. ನಮ್ಮಲ್ಲಿ ಹೆಣ್ಣಿನ ಕಡೆಯ ಅಣ್ಣತಮ್ಮಂದಿರನ್ನು ಬಿಟ್ಟು ಬೇರೆಯವರು ಆ ಕೆಲಸಕ್ಕೆ ನಿಲ್ಲುವುದಿಲ್ಲ. ಆ ಕುಂಟುಗಾಲಿನವನೇ ಈ ಹುಡುಗನ ಅಜ್ಜ.

ಲಕ್ಷ್ಮೇಶ್ವರದಿಂದ ಹಬ್ಬಕ್ಕೆ ಬಂದಿದ್ದ ನನ್ನ ತಂಗಿ ಅಲ್ಲೇ ಕೂತಿದ್ದಳು. ನನಗಿಂತ ಮೂರು ವರ್ಷ ಚಿಕ್ಕವಳು. "ಅಕ್ಕಾ, ಅವರು ನಮ್ಮ ಬಾಜೂ ಮನಿಯವರು ಇದ್ರೇನೋ," ಎಂದಳು. "ನಂಗೂ ಸರಿ ನೆನಪಿಲ್ಲ ಮತ್ತ."

"ನೆನಪಿಲ್ಲಂದ್ರ ಸುಮ್ನ ಕುಂಡ್ರು. ಆಗ ಮೂಗು ಸುರಿಸಿಕೋತ ಅಡ್ಡಾಡಾಕಿ ನೀ."

ಎಲ್ಲರೂ ನಕ್ಕರು. ಮಗ ಅಂದೇ ಮುಂಡರಗಿಗೆ ಫೋನು ಮಾಡಿ ಬೇಡವೆಂದು ತಿಳಿಸಿದ. ಮೊಮ್ಮಗಳು ಅಳಲಿಲ್ಲ, ವಾದವನ್ನೂ ಮಾಡಲಿಲ್ಲ. ಸಂಜೆ ಮಾಳಿಗೆ ಹತ್ತುವುದನ್ನು ಮಾತ್ರ ಬಿಟ್ಟಳು.

ಸುಗ್ಗಿ ಮುಗಿದ ಮೇಲೆ ಹೆಳವ ಬಂದ. ನಮ್ಮ ಮನೆತನಗಳ ವಂಶಾವಳಿ ಬರೆದಿಟ್ಟುಕೊಂಡು, ಎರಡು ಮೂರು ವರ್ಷಕ್ಕೊಮ್ಮೆ ಮನೆಮನೆಗೆ ಬಂದು ಓದಿ ಹೇಳುವವರು ಹೆಳವರು. ಇವನಪ್ಪ ಎತ್ತಿನ ಮೇಲೆ ಬರುತ್ತಿದ್ದ, ಇವನು ಮೋಟರ್‌ಸೈಕಲ್ ಮೇಲೆ ಬರುತ್ತಾನೆ. ನಮ್ಮ ಹಿರಿಯರ ಹೆಸರುಗಳನ್ನು ಓದಿ ಮುಗಿಸಿ, ಮೊರದಲ್ಲಿ ಜೋಳ ಹಾಕಿಸಿಕೊಳ್ಳುವಾಗ ನಾನು ಸುಮ್ಮನಿರಲಾರದೆ ಮುಂಡರಗಿಯವರ ಮಾತು ತೆಗೆದೆ. ನನ್ನ ಮಾತೇ ಸರಿಯೆಂದು ಮಗನೆದುರು ಅವನ ಬಾಯಿಂದ ಹೇಳಿಸುವ ಆಸೆ.

ಹೆಳವ ಚೀಲದಿಂದ ಇನ್ನೊಂದು ಹೊತ್ತಿಗೆ ತೆಗೆದ. ಬೆರಳಿಟ್ಟು ಓದಿದ. ಬೆಡಗು ಬೇರೆ, ಮೂಲದ ಊರು ಬೇರೆ. ಮೂರು ತಲೆಮಾರಿನ ಹಿಂದೆ ಶಿರಹಟ್ಟಿಗೆ ಬಂದು, ನಮ್ಮ ಓಣಿಯಲ್ಲಿ ಮನೆ ಕಟ್ಟಿದವರು.

"ತಪ್ಪು ಬರಕೊಂಡೀರಿ," ಎಂದೆ.

"ನಮ್ಮ ಮುತ್ತಜ್ಜ ಬರದದ್ರಿ ತಾಯಿ," ಎಂದ ಅವನು, ಸಿಟ್ಟಿಲ್ಲದೆ. ಅವನಿಗೆ ಸಿಟ್ಟು ಬಂದಿದ್ದರೆ ನನಗೆ ಇನ್ನೂ ನಾಲ್ಕು ಮಾತಾಡಲು ಬರುತ್ತಿತ್ತು.

ಅವನು ಹೋದ ಮೇಲೆ ತಂಗಿಗೆ ಫೋನು ಹಚ್ಚಿದೆ. ಹೆಳವ ಓದಿದ್ದನ್ನು ಕೇಳಿ ಆಕೆ, "ಅವತ್ತ ಕಾಕಾಗ ಜ್ವರಾ ಬಂದಿದ್ವಲ್ಲಕ್ಕಾ," ಎಂದಳು. "ರುಮಾಲ ಸುತ್ತಾಕ ಯಾರೂ ಇಲ್ಲಂತ ಅಪ್ಪ ಬಾಜೂ ಮನಿಯವರನ್ನ ಕರದು ನಿಂದರಿಸಿದ. ನಾ ಅದನ್ನ ಹೇಳಾಕ ಬಂದಿದ್ನಿ. ನೀ ಬಿಡಲಿಲ್ಲ."

ಕಾಕಾ, ಅಪ್ಪನ ಒಬ್ಬನೇ ತಮ್ಮ, ಪಡಸಾಲೆಯ ಮೂಲೆಯಲ್ಲಿ ಕಂಬಳಿ ಹೊದ್ದು ನಡುಗುತ್ತ ಮಲಗಿದ್ದು ನನಗೂ ನೆನಪಿತ್ತು. ಅವ್ವ ಅವನಿಗೆ ಗಂಜಿ ಕುಡಿಸಿದ್ದೂ ನೆನಪಿತ್ತು. ಅದು ಅದೇ ದಿನದ್ದು ಎಂಬುದೊಂದೇ ನೆನಪಿರಲಿಲ್ಲ. ಕುಂಟುಗಾಲಿನವನ ಕತೆಯನ್ನು ನಾನು ಎಷ್ಟೋ ಲಗ್ನಗಳಲ್ಲಿ ಹೇಳಿದ್ದೇನೆ. ಹೇಳಿದಷ್ಟೂ ಅದು ಗಟ್ಟಿಯಾಗಿದೆ. ಕಾಕಾನ ಜ್ವರದ ಸುದ್ದಿಯನ್ನು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ನಾನು ನೋಡಿದ್ದರಲ್ಲಿ ಸುಳ್ಳಿರಲಿಲ್ಲ. ಅದರಿಂದ ತಿಳಿದುಕೊಂಡದ್ದು ಸುಳ್ಳು.

ಮರುದಿನ ಯಾರಿಗೂ ಹೇಳದೆ ಮುಂಡರಗಿಯ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಪಾಠದಂತೆ ಒಪ್ಪಿಸಿಕೊಂಡೆ. ಹುಡುಗನ ತಾಯಿ ಒಳಗೆ ಕರೆದು ಚಾಪೆ ಹಾಸಿ, ನೀರು ಕೊಟ್ಟರು. ನನಗೆ ವಯಸ್ಸಾಗಿದೆ, ತಪ್ಪು ಹೇಳಿದೆ ಎಂದೆ. ಆ ಎರಡು ಮಾತನ್ನು ನಾನು ಒಟ್ಟಿಗೆ ಹೇಳಿದ್ದು ಅದೇ ಮೊದಲು.

ಆಕೆ ಎಲ್ಲ ಕೇಳಿ, "ತಡಾ ಆತ್ರಿ ಅಮ್ಮಾರ," ಎಂದರು. "ಹೋದ ವಾರ ಕೊಪ್ಪಳದ ಕಡೆ ಹುಡುಗಿಗೆ ಕುಂಕುಮ ಹಚ್ಚಿ ಗಟ್ಟಿ ಮಾಡಿ ಬಂದ್ವಿ."

ಚಹಾ ಕುಡಿಯದೆ ಕಳಿಸಲಿಲ್ಲ. ಬಯ್ದಿದ್ದರೆ ಚಲೋ ಇತ್ತು.

ಬೆಟಗೇರಿಗೆ ಬಂದಾಗ ಮೊಮ್ಮಗಳು ಅಡುಗೆಮನೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ನಾನೂ ಎದುರಿಗೆ ಕೂತು ಸುಲಿಯುತ್ತ ಹೆಳವ ಹೇಳಿದ್ದು, ತಂಗಿ ಹೇಳಿದ್ದು, ಮುಂಡರಗಿಯಲ್ಲಿ ಕೇಳಿದ್ದು, ಎಲ್ಲ ಹೇಳಿದೆ. ಅವಳ ಕೈ ನಿಲ್ಲಲಿಲ್ಲ. ತಪ್ಪಾಯಿತು ಎಂದಾಗಲೂ ತಲೆ ಎತ್ತಲಿಲ್ಲ.

"ಅಮ್ಮಾ," ಎಂದಳು ಕೊನೆಗೆ. ನಮ್ಮ ಕಡೆ ಅಜ್ಜಿಯನ್ನು ಹಾಗೆ, ಅಜ್ಜಿಯ ತಂಗಿಯನ್ನು ಸಣ್ಣಮ್ಮ ಎಂದು ಕರೆಯುತ್ತಾರೆ. "ಅವತ್ತ ನಿನಗ ಒಂದೀಟರ ಅನುಮಾನ ಇತ್ತೇನು? ಸಣ್ಣಮ್ಮ ಬಾಜೂ ಮನಿಯವರು ಅಂದಾಗ?"

"ಇಲ್ಲವ್ವಾ. ಒಂದೀಟೂ ಇರಲಿಲ್ಲ. ಇದ್ದಿದ್ರ ನಾ ಹೇಳತಿದ್ದಿಲ್ಲೇನು?"

ಆಗ ಅವಳು ನನ್ನ ಮುಖ ನೋಡಿದಳು.

"ನೋಡು," ಎಂದಳು, "ಮತ್ತ ಹಂಗ ಖಾತ್ರಿಲೇ ಹೇಳಿದಿ."